ಜಗಲಿ ಹಳಿ

ಆ ದಿನವೂ ಊರು ಎಂದಿನಂತೆ ಓಡುತ್ತಿತ್ತು. ಕೊಡೆ ರಿಪೇರಿಯವನು ಪೇಟೆಬೀದಿಯಲ್ಲಿ ನಡೆಯುತ್ತಲೇ ಒಂದು ಕಪ್ಪು ಕೊಡೆಗೆ ಬಟ್ಟೆ ಹೊಲಿಯುತ್ತಿದ್ದ. ಅವನ ಹಿಂದೆ ಅವನ ಹೆಂಡತಿ ಹರಿದ ಕೊಡೆಗಳ ಕಟ್ಟನ್ನು ಹೆಗಲ ಮೇಲಿಟ್ಟುಕೊಂಡು, ಆಗಾಗ ಬೇಕೆಂದೇ ಅವನ ಬೆನ್ನಿಗೆ ಡಿಕ್ಕಿ ಹೊಡೆಯುತ್ತ ಬರುತ್ತಿದ್ದಳು. ಬಾವಿಯ ತಿರುವು ಬಂದಾಗ ಬಾಯಾರಿತೆಂದು ಕಟ್ಟನ್ನು ಅವನ ಹೆಗಲಿಗೆ ದಾಟಿಸಿದಳು.

"ಹೋಗ್ತೀನಿ ರೀ," ಅಂದಳು.

ಆ ಊರಿನಲ್ಲಿ ಯಾರೂ ಹಾಗೆ ಅನ್ನುತ್ತಿರಲಿಲ್ಲ. ಪಕ್ಕದ ಓಣಿಗೆ ಹೊರಟವರೂ "ಬರ್ತೀನಿ" ಎಂದೇ ಹೇಳಿ ಹೊರಡುತ್ತಿದ್ದರು. ಅವಳು ಮಾತ್ರ ಮದುವೆಯಾಗಿ ಬಂದಾಗಿನಿಂದ, ಗಂಡನ ಮುಖ ಹೇಗಾಗುತ್ತದೆಂದು ನೋಡುವುದಕ್ಕಾಗಿಯೇ, "ಹೋಗ್ತೀನಿ" ಅನ್ನುವಳು. ಅವನು ಪ್ರತಿ ಸಲವೂ ಗಾಬರಿಯಾಗಿ "ಬರ್ತೀನಿ ಅನ್ನೇ" ಅನ್ನುವನು. ಅವಳು ನಕ್ಕು ತಿದ್ದಿಕೊಳ್ಳುವಳು. ಆ ದಿನ ಅವನ ಹಲ್ಲುಗಳ ನಡುವೆ ಸೂಜಿಯಿತ್ತು. ಅದನ್ನು ತೆಗೆದು ಮಾತಾಡುವಷ್ಟರಲ್ಲಿ ಅವಳು ಬಾವಿಯ ದಾರಿಗೆ ತಿರುಗಿಯಾಗಿತ್ತು. ಬಂದಮೇಲೆ ಹೇಳಿದರಾಯಿತು ಎಂದುಕೊಂಡು ಅವನು ಸೂಜಿಗೆ ದಾರ ಪೋಣಿಸಿದ.

ಬೊಗಸೆಯಲ್ಲಿ ನೀರು ಹಿಡಿದುಕೊಂಡೇ, ಬಾವಿಕಟ್ಟೆಯ ಪಕ್ಕದಲ್ಲಿ ಅವಳು ಸತ್ತಳು.

ಆ ಊರಿನ ನಡುವೆ ಒಂದು ಚಾವಡಿಯಿತ್ತು. ಚಾವಡಿಯ ನಡುವೆ ಒಂದು ದುಂಡು ಮೇಜು. ಮೇಜಿನ ಮೇಲೆ ಅದೇ ಊರು: ಅಂಗೈಯಗಲದ ಮನೆಗಳು, ಹೆಬ್ಬೆರಳಿನಷ್ಟು ಚಾವಡಿ, ಬಟ್ಟಲಿನಷ್ಟು ಬಾವಿ. ಇವೆಲ್ಲವನ್ನೂ ಸುತ್ತಿ ಬರುವ ಉಂಗುರದಂಥ ಒಂದು ಹಳಿ. ಹಳಿಯ ಮೇಲೆ ಊರಿನ ಒಬ್ಬೊಬ್ಬರಿಗೂ ಒಂದೊಂದು ಇಂಜಿನು, ಬೆಂಕಿಪೊಟ್ಟಣಕ್ಕಿಂತ ದೊಡ್ಡದಲ್ಲ. ಮೇಜಿನ ಅಂಚಿಗೆ ಒಂದು ಗುಂಡಿ. ಗುಂಡಿಯನ್ನು ಬಲಕ್ಕೆ ತಿರುಗಿಸಿದರೆ ಹಳಿಯುದ್ದಕ್ಕೂ ಕರೆಂಟು ಹರಿದು ಇಂಜಿನುಗಳೆಲ್ಲ ಒಟ್ಟಿಗೆ ಹೊರಡುತ್ತಿದ್ದವು. ಎಡಕ್ಕೆ ತಿರುಗಿಸಿದರೆ ಎಲ್ಲವೂ ಒಟ್ಟಿಗೆ ನಿಲ್ಲುತ್ತಿದ್ದವು. ಒಂದು ಓಡಿ ಇನ್ನೊಂದು ನಿಲ್ಲುವುದೆಂಬುದು ಇರಲಿಲ್ಲ. ಇಡೀ ಹಳಿ ಒಂದೇ ಹಳಿ, ಇಡೀ ಕರೆಂಟು ಒಂದೇ ಕರೆಂಟು.

ಮೇಜಿನ ಮೇಲೆ ಹೇಗೋ ಊರಿನಲ್ಲೂ ಹಾಗೆ. ಇಂಜಿನು ಓಡುತ್ತದೆಂದು ಜನ ಓಡುತ್ತಾರೋ, ಜನ ಓಡುತ್ತಾರೆಂದು ಇಂಜಿನು ಓಡುತ್ತದೋ, ಯಾರೂ ಕೇಳಿರಲಿಲ್ಲ. ಬೆಳಗಾದರೆ ಎಲ್ಲರೂ ಹೆಜ್ಜೆ ಹಾಕತೊಡಗುವರು. ಕ್ಷೌರದವನು ಹಿಮ್ಮುಖವಾಗಿ ನಡೆಯುತ್ತ ಎದುರಿಗೆ ಬರುವವನ ಗಡ್ಡ ಹೆರೆಯುವನು. ಹಾಲಿನವಳು ಒಲೆಯಿಟ್ಟ ತಳ್ಳುಗಾಡಿಯನ್ನು ತಳ್ಳುತ್ತ ಹಾಲು ಕಾಯಿಸುವಳು. ಒಂದೇ ಮನೆಯ ಇಬ್ಬರು ವಾರಗಿತ್ತಿಯರು ಅಕ್ಕಪಕ್ಕದಲ್ಲಿ ನಡೆಯುತ್ತ ಜಗಳವಾಡುವರು. ಕತ್ತಲಾದರೆ ಗುಂಡಿ ಎಡಕ್ಕೆ ತಿರುಗುವುದು, ಊರಿಗೆ ಊರೇ ಒಂದೇ ಸಲ ಆಕಳಿಸಿ ಮಲಗುವುದು. ಹಗಲಿನಲ್ಲಿ ಕೂರುವ ಪದ್ಧತಿ ಇರಲಿಲ್ಲ. ಬಾವಿಯ ಪಕ್ಕದಲ್ಲಿ ಮುಖ್ಯ ಹಳಿಯಿಂದ ಕವಲೊಡೆದು ಮತ್ತೆ ಮುಖ್ಯ ಹಳಿಗೇ ಸೇರುವ ಒಂದು ಗೇಣುದ್ದದ ಹಳಿಯಿತ್ತು. ನೀರು ಬೇಕಾದವರು ಆ ದಾರಿ ಹಿಡಿದು, ನಡೆಯುತ್ತಲೇ ಬೊಗಸೆ ತುಂಬಿಕೊಂಡು, ಮುಂದಿನ ತುದಿಯಲ್ಲಿ ಬೀದಿಗೆ ಸೇರಿಕೊಳ್ಳುವರು. ಅದಕ್ಕೆ ಜಗಲಿ ಎಂದು ಹೆಸರು. ಜಗಲಿ ಎಂದರೇನೆಂದು ಕೇಳಿದರೆ ಜನ, "ಹಳೇ ಕಾಲದ ಹೆಸರು," ಎಂದು ಮುಂದೆ ಹೋಗುವರು.

ಗುಂಡಿಯ ಹಿಂದೆ ಇದ್ದವರು ಗುಂಡಿಯವರು. ಅವರ ಬಲಗೈ ಗುಂಡಿಯ ಮೇಲೆ, ಎಡಗೈ ಗಂಟೆಯ ಹಗ್ಗದ ಮೇಲೆ. ಇದ್ದಲ್ಲೇ ಹೆಜ್ಜೆ ಬಡಿಯುತ್ತ ಅವರು ಹಗಲೆಲ್ಲ ಊರನ್ನು ಓಡಿಸುವರು. ಗುಂಡಿಯಿಂದ ಕೈ ತೆಗೆದರೆ ಊರು ನಿಂತುಹೋಗುತ್ತದೆಂದು ಅವರ ತಂದೆ ಅವರಿಗೆ ಹೇಳಿದ್ದರು, ತಂದೆಗೆ ತಾತ ಹೇಳಿದ್ದರು. ಆದ್ದರಿಂದ ಅವರಿಗೆ ತುತ್ತು ಕೊಡುವುದೂ, ಮೂಗು ಒರೆಸುವುದೂ, ಬೆನ್ನು ಕೆರೆಯುವುದೂ ಅವರ ಸೊಸೆಯ ಕೆಲಸ. ಬೆನ್ನಿನ ಕೆಲಸವೇ ಹೆಚ್ಚು. ಅದಕ್ಕೆ ಅವಳ ಬಳಿ ಒಂದು ಕೊಡೆಯ ಕಡ್ಡಿಯಿತ್ತು.

ಚಾವಡಿಯ ಬಾಗಿಲ ಮೇಲೆ ಊರಿನ ಒಂದೇ ಒಂದು ಕಟ್ಟಳೆಯನ್ನು ಕೊರೆದಿತ್ತು: ಒಬ್ಬರು ನಿಂತರೆ ಎಲ್ಲರೂ ನಿಲ್ಲಬೇಕು. ಅದನ್ನು ಕೊರೆಸಿದವರು ದೊಡ್ಡ ಮನಸ್ಸಿನವರಿರಬೇಕು. ಯಾರ ಮನೆಯಲ್ಲಾದರೂ ಸಾವಾದರೆ ಗಂಟೆ ಬಾರಿಸಿ, ಗುಂಡಿಯನ್ನು ಎಡಕ್ಕೆ ತಿರುಗಿಸಿ, ಇಡೀ ಊರು ನಿಂತು ಅವರ ಅಳುವಿಗೆ ಕಾಯುತ್ತಿತ್ತು. ತೊಡಕೆಂದರೆ ಬೆಂಕಿಗೆ ಇಂಜಿನು ಇರಲಿಲ್ಲ. ಊರು ನಿಂತರೂ ಹಾಲಿನವಳ ಒಲೆ ಉರಿಯುತ್ತಲೇ ಇರುತ್ತಿತ್ತು. ಹಾಗಾಗಿ ಊರಿನಲ್ಲಿ ದುಃಖಕ್ಕೊಂದು ಅಳತೆ ತಾನಾಗಿಯೇ ಹುಟ್ಟಿಕೊಂಡಿತು. "ಎಂಥ ಮನುಷ್ಯ, ಹಾಲು ಉಕ್ಕೋ ಮೊದಲೇ ಅತ್ತು ಮುಗಿಸಿದ," ಎಂದು ಜನ ಹೊಗಳುವರು. ಇದರಲ್ಲಿ ಎಲ್ಲರಿಗಿಂತ ಹೆಸರಾದವಳು ಗುಂಡಿಯವರ ಸೊಸೆಯೇ. ಗಂಡ ತೀರಿಕೊಂಡಾಗ ಅವಳು ಸೆರಗನ್ನು ಮುಖಕ್ಕೆ ಎಳೆದುಕೊಂಡು, ಹಾಲಿಗೆ ಕೆನೆ ಕಟ್ಟುವ ಮೊದಲೇ ಸೆರಗು ತೆಗೆದಿದ್ದಳು.

ಕೊಡೆಯವನಿಗಾಗಿಯೂ ಗಂಟೆ ಬಾರಿಸಿದರು. ಮೇಜಿನ ಮೇಲೆ ಅವನ ಹೆಂಡತಿಯ ಕೆಂಪು ಇಂಜಿನು ಬಾವಿಯ ಪಕ್ಕ ಮಗ್ಗುಲಾಗಿ ಬಿದ್ದಿತ್ತು. ಅದರ ನೆತ್ತಿಗೆ ಅವಳೇ ಅಂಟಿಸಿದ್ದ ಒಂದು ಚೂರು ಕೊಡೆಬಟ್ಟೆ. ಗುಂಡಿಯವರ ಸೊಸೆ ಅದನ್ನು ಎತ್ತಿ, ಹತ್ತಿ ಸುತ್ತಿ, ಮೇಜಿನ ಕೆಳಗಿನ ಡಬ್ಬಿಯಲ್ಲಿ ಉಳಿದವರ ಜೊತೆ ಇಟ್ಟಳು. ಊರು ನಿಂತಿತು. ಕ್ಷೌರದವನ ಕತ್ತಿ ಯಾರದೋ ಕೆನ್ನೆಯ ಮೇಲೆ ನಿಂತಿತು. ವಾರಗಿತ್ತಿಯರು ಒಬ್ಬರ ಮೂಗಿಗೆ ಒಬ್ಬರು ಬೆರಳು ತೋರಿಸಿಕೊಂಡು ನಿಂತರು. ಎಲ್ಲರೂ ಬಹಳ ಪ್ರೀತಿಯಿಂದ ಕೊಡೆಯವನ ಮುಖವನ್ನೇ ನೋಡಿದರು.

ಅವನಿಗೆ ಅಳು ಬರಲಿಲ್ಲ. ಹೆಗಲ ಮೇಲಿನ ಕೊಡೆಗಳ ಕಟ್ಟು ಒತ್ತುತ್ತಿತ್ತು. ಅಷ್ಟು ಕಣ್ಣುಗಳ ಎದುರಿಗೆ ಏನು ಮಾಡಬೇಕೆಂದು ತಿಳಿಯದೆ ಅವನು ಕೆಮ್ಮಿದ.

"ಅಳು ಕೊಡೆಯಣ್ಣ, ನಾಚ್ಕೋಬೇಡ. ನಾವೆಲ್ಲಾ ಇದೀವಿ," ಎಂದಳು ಹಾಲಿನವಳು, ಒಂದು ಕಣ್ಣು ಅವನ ಮೇಲೆ, ಒಂದು ಕಣ್ಣು ಪಾತ್ರೆಯ ಮೇಲೆ ಇಟ್ಟುಕೊಂಡು. ಹಾಲು ಉಕ್ಕಿತು. ಗುಂಡಿ ಬಲಕ್ಕೆ ತಿರುಗಿತು. ಊರು ಹೊರಟಿತು, ಕೊಡೆಯವನೂ ಹೊರಟ.

ಆಮೇಲೆ ಅವನ ಕೈಯಿಂದ ಬಂದ ಕೊಡೆಗಳೆಲ್ಲ ತಿರುಗುಮುರುಗಾದವು. ಬಿಚ್ಚಿದರೆ ಬಟ್ಟಲಿನಂತೆ ಆಕಾಶಕ್ಕೆ ಬಾಯಿ ತೆರೆಯುವವು. ಮಳೆ ಬಂದ ದಿನ ಊರಿನ ಅರ್ಧ ಜನ ತಲೆಯ ಮೇಲೆ ನೀರು ತುಂಬಿದ ಕೊಡೆ ಹಿಡಿದು, ಚೆಲ್ಲದ ಹಾಗೆ ಎಚ್ಚರದಿಂದ ನಡೆದರು. ಅವನ ಎದೆಯಲ್ಲೂ ಅಂಥದೇ ಒಂದು ತುಂಬಿದ ಭಾರವಿತ್ತು. ಒಂದು ಕಡೆ ನಿಂತರೆ ಅದನ್ನು ಇಳಿಸಬಹುದೆಂದು ಅವನಿಗೆ ಅನ್ನಿಸುತ್ತಿತ್ತು. ಕೊನೆಗೆ ಚಾವಡಿಗೆ ಹೋಗಿ, ಇನ್ನೊಮ್ಮೆ ಊರು ನಿಲ್ಲಿಸಬೇಕೆಂದು ಕೇಳಿಕೊಂಡ.

ಊರು ಇನ್ನೊಮ್ಮೆ ನಿಂತಿತು. ಈ ಸಲ ಜನ ಸಹಾಯಕ್ಕೆ ಸಿದ್ಧರಾಗಿ ಬಂದಿದ್ದರು. ಕ್ಷೌರದವನು ಜೇಬಿನಿಂದ ಹೆಚ್ಚಿದ ಈರುಳ್ಳಿ ತೆಗೆದು ಅವನ ಮೂಗಿಗೆ ಹಿಡಿದ. ವಾರಗಿತ್ತಿಯರು ಒಂದೊಂದು ರಾಗದಲ್ಲಿ ಒಂದೊಂದು ಶೋಕದ ಹಾಡು ಎತ್ತಿಕೊಂಡು, ನಿನ್ನದು ತಪ್ಪು ರಾಗವೆಂದು ಒಬ್ಬರಿಗೊಬ್ಬರು ತಿವಿದುಕೊಂಡರು. ಈರುಳ್ಳಿಯಿಂದ ಕ್ಷೌರದವನ ಕಣ್ಣಲ್ಲಿ ನೀರು ಬಂತು. ಕೊಡೆಯವನು ಎಲ್ಲರಿಗೂ ತೊಂದರೆಯಾಯಿತೆಂದು ಕೈ ಮುಗಿದ. ಹಾಲು ಉಕ್ಕಿತು.

ಮೂರನೆಯ ಸಲ ಊರು ನಿಂತಾಗ ಕ್ಷೌರದವನು ಸೀನಿ ಯಾರದೋ ಕೆನ್ನೆ ಕೊಯ್ದ. ಹಾಲು ಉಕ್ಕಿದ್ದನ್ನು ಹೇಳುವುದೇ ಬೇಡ.

ಗುಂಡಿಯವರು ಕೊಡೆಯವನನ್ನು ಚಾವಡಿಗೆ ಕರೆಸಿದರು. ಅವರು ಸಿಟ್ಟಿನ ಮನುಷ್ಯರಲ್ಲ. ಹೆಜ್ಜೆ ಬಡಿಯುತ್ತಲೇ ನಿಧಾನವಾಗಿ ತಿಳಿಹೇಳಿದರು. ಊರು ಯಾರಿಗೂ ಮೂರು ಸಲ ನಿಂತದ್ದಿಲ್ಲ. ಹಾಲಿಲ್ಲದೆ ಮಕ್ಕಳು ಅಳುತ್ತಿವೆ, ಅಳಬೇಕಾದವನು ಅಳುತ್ತಿಲ್ಲ.

"ನನ್ನ ಸೊಸೇನ ನೋಡಪ್ಪ," ಎಂದರು. "ಅವಳ ಹತ್ರ ಕಲೀಬೇಕು. ಇನ್ನೊಂದ್ಸಲ ನಿಲ್ಸಿ ಅಂತ ಬಂದ್ರೆ ನಿನ್ನ ಇಂಜಿನಿಗೂ ಹತ್ತಿ ಸುತ್ತಬೇಕಾಗತ್ತೆ."

ಬದುಕಿರುವವನ ಇಂಜಿನಿಗೆ ಹತ್ತಿ ಸುತ್ತುವುದೆಂದರೆ ಅವನು ಊರಬಾಗಿಲಿನಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ "ಹೋಗ್ತೀನಿ" ಎಂದು ಹೇಳಿ, ಹೊರಗೆ ಹೋಗಬೇಕು. ಹೊರಗೆ ರಸ್ತೆಗಳಿದ್ದವು, ಬೇರೆ ಊರುಗಳಿದ್ದವು, ಹರಿದ ಕೊಡೆಗಳೂ ಇದ್ದಾವು. ಅವಳು ನೀರು ಹಿಡಿದಿದ್ದ ಬಾವಿ ಇರಲಿಲ್ಲ.

ಗುಂಡಿಯವರ ಹಿಂದೆ ಸೊಸೆ ಕಡ್ಡಿಯಾಡಿಸುತ್ತ ಹೆಜ್ಜೆ ಹಾಕುತ್ತಿದ್ದಳು. ತನ್ನ ಮಾತು ಬಂದಾಗ ಅವಳು ತಲೆಯೆತ್ತಲಿಲ್ಲ. ಕಡ್ಡಿ ಮಾತ್ರ ಒಂದು ಕ್ಷಣ ಬೆನ್ನ ಮೇಲೆ ನಿಂತು ಮತ್ತೆ ಆಡಿತು. ಕೊಡೆಯವನು ಅದನ್ನು ನೋಡಿದ.

ಆ ಸಂಜೆ ದಾರದುಂಡೆಗಾಗಿ ಸೂಜಿಯ ಡಬ್ಬಿ ತಡಕಿದಾಗ ಅವನ ಬೆರಳಿಗೆ ಒಂದು ಗಾಜಿನ ಚೂರು ಸಿಕ್ಕಿತು. ಅವನ ಹೆಂಡತಿಯ ಹಸಿರು ಬಳೆಯ ಚೂರು. ಅದಕ್ಕೊಂದು ಕಥೆಯಿತ್ತು. ಒಮ್ಮೆ ಅವಳು ಮೇಜಿನ ಮೇಲೆ ತನ್ನ ಇಂಜಿನು ಹೇಗೆ ಓಡುತ್ತದೆಂದು ನೋಡಲು ಚಾವಡಿಗೆ ಹೋಗಿದ್ದಳು. ಬಗ್ಗಿದಾಗ ಕೈ ಮೇಜಿನ ಅಂಚಿಗೆ ತಗುಲಿ ಬಳೆಯೊಡೆದು, ಒಂದು ಚೂರು ಹಳಿಗೂ ಹಳಿಗೂ ನಡುವಿನ ಸಡಿಲವಾದ ಸಂದಿಗೆ ಬಿತ್ತು. ಗಾಜು ಕರೆಂಟನ್ನು ದಾಟಗೊಡಲಿಲ್ಲ, ಅಲ್ಲಿಂದ ಮುಂದಿನ ಮೊಳದುದ್ದ ಹಳಿಗೆ ಕರೆಂಟೇ ಇಲ್ಲ. ಓಡುತ್ತ ಬಂದ ಅವಳ ಇಂಜಿನು ಅಲ್ಲಿ ನಿಂತಿತು, ಅವಳೂ ಚಾವಡಿಯಲ್ಲಿ ನಿಂತಳು. ಉಳಿದ ಊರು ಓಡುತ್ತಲೇ ಇತ್ತು. ಹಿಂದಿನಿಂದ ಬಂದ ಹಾಲಿನವಳು ಅವಳಿಗೆ ಡಿಕ್ಕಿ ಹೊಡೆದಳು, ಹಾಲಿನವಳಿಗೆ ಕ್ಷೌರದವನು, ಅವನಿಗೆ ಅರ್ಧ ಗಡ್ಡದ ಗಿರಾಕಿ. ಹೀಗೆ ಒಂದು ಬೀದಿಯ ಜನವೆಲ್ಲ ಚಾವಡಿಯ ಬಾಗಿಲಿನಲ್ಲಿ ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡರು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಲ್ಲರೂ ಬೈದರು. ಅವಳು ಮಾತ್ರ ಚೂರನ್ನು ಕೇಳಿ ಈಸಿಕೊಂಡು ಬಂದು ಗಂಡನ ಕೈಯಲ್ಲಿಟ್ಟು, ಊರಿನಲ್ಲಿ ಒಬ್ಬಳೇ ನಿಂತು ನೋಡಿದವಳು ನಾನೊಬ್ಬಳೇ, ಇದನ್ನು ಜೋಪಾನವಾಗಿಡಿ ಎಂದಿದ್ದಳು.

ಕೊಡೆಯವನು ಚೂರನ್ನು ಬೆಳಕಿಗೆ ಹಿಡಿದು ನೋಡಿದ. ಆಗ ಡಿಕ್ಕಿಯಾದದ್ದು ಅವಳು ನಡುಬೀದಿಯ ಹಳಿಯಲ್ಲಿ ನಿಂತಿದ್ದರಿಂದ. ಬದಿಯ ಹಳಿಯಲ್ಲಿ ನಿಂತಿದ್ದರೆ ಯಾರ ದಾರಿಗೂ ಅಡ್ಡವಾಗುತ್ತಿರಲಿಲ್ಲ. ಬದಿಯ ಹಳಿಯೊಂದು ಬಾವಿಯ ಪಕ್ಕದಲ್ಲಿ ಇದ್ದೇ ಇತ್ತು. ಅದರ ಎರಡು ತುದಿಗಳಲ್ಲೂ ಸಂದಿ ಬೇಕು, ಎರಡು ಸಂದಿಗೆ ಎರಡು ಚೂರು ಬೇಕು. ಅವನು ಇಕ್ಕಳ ತೆಗೆದುಕೊಂಡು, ಬಳೆಯ ಚೂರನ್ನು ಎರಡು ಮಾಡಿದ.

ಮರುದಿನ ಅವನು ಹೊಸ ಕಡ್ಡಿ ಕೊಡುವ ನೆಪದಲ್ಲಿ ಚಾವಡಿಗೆ ಹೋದ. ಸೊಸೆ ಕಡ್ಡಿಯ ತುದಿಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡುತ್ತಿದ್ದಾಗ, ತಾನು ಏನು ಮಾಡಬೇಕೆಂದಿದ್ದೇನೆಂದು ಪಿಸುಮಾತಿನಲ್ಲಿ ಹೇಳಿದ. ಅವಳು ಅವನ ಕೈಯಲ್ಲಿದ್ದ ಕಬ್ಬಿಣ ಉಜ್ಜುವ ಸಣ್ಣ ಅರವನ್ನೂ, ಹಸಿರು ಚೂರುಗಳನ್ನೂ ನೋಡಿದಳು. ಮತ್ತೆ ಮಾವನ ಹಿಂದೆ ಹೋಗಿ ಕೆಲಸ ಶುರುಮಾಡಿದಳು.

ಹೊಸ ಕಡ್ಡಿ ಚೆನ್ನಾಗಿತ್ತು. ಗುಂಡಿಯವರ ಕಣ್ಣು ತಾನಾಗಿ ಮುಚ್ಚಿಕೊಂಡಿತು.

ಕೊಡೆಯವನು ಮೇಜಿನ ಆ ಬದಿಗೆ ಹೋಗಿ ಬಾವಿಯ ಹತ್ತಿರ ಬಗ್ಗಿದ. ಕಾಲು ಹೆಜ್ಜೆ ಹಾಕುತ್ತಲೇ ಇದ್ದವು, ಆ ತಾಳಕ್ಕೆ ಅರವೂ ಆಡಿತು. ಜಗಲಿಯ ಎರಡು ಕಂಬಿಗಳಲ್ಲಿ ಒಂದನ್ನು ಕೊಯ್ದರೆ ಸಾಕಿತ್ತು. ಕೊರ್, ಕೊರ್, ಎಂದು ಸದ್ದಾಯಿತು.

"ಏನದು ಸದ್ದು?" ಎಂದರು ಗುಂಡಿಯವರು, ಕಣ್ಣು ತೆರೆಯದೆ.

"ನಿಮ್ಮ ಬೆನ್ನೇ, ಮಾವ," ಎಂದಳು ಸೊಸೆ.

"ಇಷ್ಟು ಜೋರಾಗಿದೆಯೇ?"

"ತುಂಬಾ ದಿನದ್ದಲ್ವಾ."

"ಸ್ವಲ್ಪ ಎಡಕ್ಕೆ."

ಅವಳು ಎಡಕ್ಕೆ ಕೆರೆದಳು. ಕೊಡೆಯವನು ಬಲತುದಿಯ ಸಂದಿ ಮುಗಿಸಿ, ಚೂರು ಕೂರಿಸಿ, ಎಡತುದಿಗೆ ಬಂದ. ಅರದ ಪುಡಿಯನ್ನು ಬಾಯಿಂದ ಊದಿದ. ಎರಡನೆಯ ಚೂರು ಹಿಡಿಯುವಷ್ಟು ಸಂದಿಯಾಗುವವರೆಗೆ ಗುಂಡಿಯವರ ಬೆನ್ನು ಕುತ್ತಿಗೆಯಿಂದ ಸೊಂಟದವರೆಗೆ ಕೆಂಪಾಯಿತು. ಅಷ್ಟು ಸುಖವನ್ನು ಅವರು ಬಹಳ ಕಾಲದಿಂದ ಕಂಡಿರಲಿಲ್ಲ.

ಹೊರಡುವಾಗ ಕೊಡೆಯವನು ಬಾಗಿಲ ಬಳಿ, ತಾನು ಮತ್ತೆ ಹೊರಡಲು ಸಿದ್ಧನಾದಾಗ ಕಿಟಕಿಗೆ ಕಾಣುವಂತೆ ಒಂದು ಕೊಡೆ ಬಿಚ್ಚುತ್ತೇನೆಂದ. ಆಗ ಅವಳು ಕಡ್ಡಿಯನ್ನು ಸಂದಿಯ ಎರಡು ಬದಿಗೂ ತಾಗುವಂತೆ ಅಡ್ಡ ಇಟ್ಟರೆ ಕರೆಂಟು ದಾಟಿಕೊಳ್ಳುತ್ತದೆ, ಇಂಜಿನು ಹೊರಡುತ್ತದೆ.

"ಬಿಚ್ಚದೇ ಇದ್ರೆ?" ಎಂದಳು ಅವಳು.

ಅವನು "ಬರ್ತೀನಿ ತಂಗೀ," ಎಂದು ಹೇಳಿ ಬೀದಿಗಿಳಿದ.

ಬಾವಿಯ ತಿರುವು ಬಂದಾಗ ಅವನು ಪಕ್ಕದ ದಾರಿಗೆ ತಿರುಗಿದ. ಚಾವಡಿಯ ಮೇಜಿನ ಮೇಲೆ ಅವನ ಇಂಜಿನು ಜಗಲಿಯನ್ನು ಹೊಕ್ಕಿತು, ಹಸಿರು ಚೂರನ್ನು ದಾಟಿತು, ನಿಂತಿತು. ಬಾವಿಕಟ್ಟೆಯ ಪಕ್ಕದಲ್ಲಿ ಅವನ ಕಾಲು ನಿಂತವು. ಬೀದಿಯಲ್ಲಿ ಊರು ಓಡುತ್ತಲೇ ಇತ್ತು. ಓಡುವ ಊರಿನ ಸದ್ದು ಹೇಗಿರುತ್ತದೆಂದು ಅವನು ಅಲ್ಲಿಯವರೆಗೆ ಕೇಳಿರಲಿಲ್ಲ. ಸಾವಿರ ಚಪ್ಪಲಿಗಳ ಸದ್ದು, ಮಳೆಯಂತೆ. ನಿಂತು ಅಭ್ಯಾಸವಿಲ್ಲದ ಕಾಲು ಸ್ವಲ್ಪ ಹೊತ್ತಿಗೆ ನೋಯತೊಡಗಿದವು. ಏನು ಮಾಡುವುದೆಂದು ನೋಡಿ, ಮೊಣಕಾಲು ಮಡಿಸಿ, ಅವನು ಕಟ್ಟೆಯ ಮೇಲೆ ಕೂತ.

ಮೊದಲು ನೋಡಿದವಳು ಹಾಲಿನವಳು. ಒಂದು ಸುತ್ತು ಮುಗಿಯುವಷ್ಟರಲ್ಲಿ ಸುದ್ದಿ ಚಾವಡಿ ತಲುಪಿತು. ಗುಂಡಿಯವರು ಮೇಜಿನ ಮೇಲೆ ಬಗ್ಗಿ ನೋಡಿದರು. ಒಂದು ಇಂಜಿನು ನಿಂತಿತ್ತು, ಊರು ನಿಂತಿರಲಿಲ್ಲ. ಕಟ್ಟಳೆ ಮುರಿದಿತ್ತು. ಅವರು ಗಂಟೆ ಬಾರಿಸಿ ಗುಂಡಿಯನ್ನು ಎಡಕ್ಕೆ ತಿರುಗಿಸಿ, ಪಂಚಾಯಿತಿ ಸೇರಬೇಕೆಂದು ಕೂಗಿದರು. ಯಾರೂ ಬರಲಿಲ್ಲ. ಎಲ್ಲರೂ ನಿಂತಿದ್ದರು.

"ಓಡಿಸಿದ್ರೆ ಬರ್ತಾರೆ, ಮಾವ," ಎಂದಳು ಸೊಸೆ.

ಅವರು ಗುಂಡಿಯನ್ನು ಬಲಕ್ಕೆ ತಿರುಗಿಸಿದರು. ಜನ ಬಂದರು, ಬಂದ ವೇಗಕ್ಕೆ ಮುಂದೆ ಹೋದರು. ಹೀಗಾಗಿ ಪಂಚಾಯಿತಿ ಓಡುತ್ತಲೇ ನಡೆಯಿತು. ಬಾವಿಯ ಮುಂದೆ ಹಾಯುವಾಗ ಒಬ್ಬೊಬ್ಬರೂ ಒಂದೊಂದು ಪ್ರಶ್ನೆ ಕೇಳುವರು, ಮುಂದಿನ ಸುತ್ತಿನಲ್ಲಿ ಉತ್ತರ ಕೇಳಿಸಿಕೊಳ್ಳುವರು. ಕ್ಷೌರದವನು ಇದೇನು ಅನ್ಯಾಯ ಎಂದು ಕೇಳಿ ಹಾದುಹೋದ. ವಾರಗಿತ್ತಿಯರು ಊರು ಅಂದರೆ ಏನೆಂದುಕೊಂಡಿದ್ದೀಯ ಎಂದು ಜೀವಮಾನದಲ್ಲಿ ಮೊದಲ ಸಲ ಒಂದೇ ದನಿಯಲ್ಲಿ ಕೇಳಿದರು. ಕೊಡೆಯವನು ಎಲ್ಲರಿಗೂ ಒಂದೇ ಉತ್ತರ ಕೊಟ್ಟ. ನೀವು ಓಡಿ, ನಾನು ಆಮೇಲೆ ಬಂದು ಸೇರಿಕೊಳ್ಳುತ್ತೇನೆ.

ಎರಡನೆಯ ಸುತ್ತಿಗೆ ದನಿಗಳು ತಗ್ಗಿದವು. ಹಾಲಿನವಳು ಗಾಡಿ ತಳ್ಳುತ್ತ ಹತ್ತಿರ ಬಂದು, ಕಲ್ಲು ತಣ್ಣಗಿದೆಯೇ ಎಂದು ಕೇಳಿದಳು. ತಣ್ಣಗಿದೆ ಎಂದು ಅವನು ಹೇಳುವಷ್ಟರಲ್ಲಿ ದೂರ ಹೋಗಿದ್ದಳು. ಕ್ಷೌರದವನು ಕತ್ತಿಯನ್ನು ಹೆಗಲಿಗೆ ಒರೆಸಿಕೊಳ್ಳುತ್ತ, ಇಬ್ಬರು ಕೂರುವಷ್ಟು ಜಾಗವಿದೆಯೇ ಎಂದು ಕೇಳಿದ. ಹಿರಿಯ ವಾರಗಿತ್ತಿ, ಕಿರಿಯವಳಿಗೆ ಕೇಳಿಸದ ಹಾಗೆ, ಒಬ್ಬಳೇ ಕೂರಬಹುದೇ ಎಂದಳು. ಅವಳ ಬೆನ್ನಿಗೇ ಬಂದ ಕಿರಿಯವಳೂ ಅದನ್ನೇ ಕೇಳಿದಳು.

ತೀರ್ಪು ಹೇಳಬೇಕಾದವರು ಗುಂಡಿಯವರು. ಅವರು ಚಾವಡಿಯ ಬಾಗಿಲ ಮೇಲಿನ ಸಾಲನ್ನು ಗಟ್ಟಿಯಾಗಿ ಓದಿದರು. "ಒಬ್ಬರು ನಿಂತರೆ ಎಲ್ಲರೂ ನಿಲ್ಲಬೇಕು. ಅವನು ನಿಂತಿದ್ದಾನೆ. ನೀವೆಲ್ಲ ಓಡ್ತಿದೀರಿ. ಹತ್ತಿ ತಾ," ಎಂದು ಸೊಸೆಗೆ ಹೇಳಿದರು.

ಸೊಸೆ ಹತ್ತಿ ತರಲಿಲ್ಲ. ಕಿಟಕಿಯಿಂದ ಹೊರಗೆ ನೋಡಿದಳು.

"ಅವರು ನಿಂತಿಲ್ಲ, ಮಾವ," ಎಂದಳು. "ಕೂತಿದ್ದಾರೆ."

ಗುಂಡಿಯವರು ಕಿಟಕಿಯಿಂದ ನೋಡಿದರು. ಬಾಗಿಲ ಮೇಲಿನ ಸಾಲನ್ನು ನೋಡಿದರು. ಮತ್ತೆ ಕಿಟಕಿಯಿಂದ ನೋಡಿದರು. ಕೂತವರ ವಿಷಯ ಅಲ್ಲಿ ಒಂದಕ್ಷರವೂ ಇರಲಿಲ್ಲ. ಅವರ ತಂದೆಯಾಗಲಿ ತಾತನಾಗಲಿ ಕೂತವರ ಬಗ್ಗೆ ಏನೂ ಹೇಳಿರಲಿಲ್ಲ.

"ಕೂತಿದ್ದಾನೆ," ಎಂದು ಅವರು ಒಪ್ಪಿಕೊಂಡರು. "ಹಾಗಾದ್ರೆ ಊರು ನಿಲ್ಲೋ ಹಾಗಿಲ್ಲ."

ಪಂಚಾಯಿತಿ ಅಲ್ಲಿಗೆ ಮುಗಿಯಿತು. ಜನ ತಮ್ಮ ತಮ್ಮ ಕೆಲಸದ ಮೇಲೆ ಓಡಿದರು. ಇನ್ನು ಯಾರೂ ಕೊಡೆಯವನ ಮುಖ ನೋಡುತ್ತಿರಲಿಲ್ಲ. ಆದರೂ ಅವನಿಗೆ ಅಳು ಬರಲಿಲ್ಲ. ಅವನು ಕೂತು ಬಾವಿಯ ನೀರನ್ನು ನೋಡಿದ. ಇಷ್ಟೆಲ್ಲ ಮಾಡಿ ಏನೂ ಬರದೇ ಹೋದರೆ ಎಂಬ ಹೆದರಿಕೆ ಅವನನ್ನು ಹಿಡಿಯಿತು.

ಚಾವಡಿಯಲ್ಲಿ ಸೊಸೆ ಮೇಜಿನ ಕೆಳಗೆ ಬಗ್ಗಿ ಡಬ್ಬಿ ತೆರೆದಳು. ಹತ್ತಿ ಬಿಚ್ಚಿ, ನೆತ್ತಿಗೆ ಕೊಡೆಬಟ್ಟೆ ಅಂಟಿಸಿದ್ದ ಕೆಂಪು ಇಂಜಿನನ್ನು ಕೈಗೆ ತೆಗೆದುಕೊಂಡಳು. ಓಡುವ ಹಳಿಯ ಮೇಲೆ ಅದನ್ನು ಇಡುವಂತಿರಲಿಲ್ಲ, ಇಟ್ಟರೆ ಊರಿಗೆಲ್ಲ ಡಿಕ್ಕಿ. ಜಗಲಿಯಲ್ಲಿ ಕರೆಂಟು ಇರಲಿಲ್ಲ. ಅಲ್ಲಿ ಯಾರನ್ನು ಇಟ್ಟರೂ ಇಟ್ಟಲ್ಲಿಯೇ ಇರುವರು. ಅವಳು ಕೆಂಪು ಇಂಜಿನನ್ನು ಕೊಡೆಯವನ ಇಂಜಿನಿನ ಹಿಂದೆ ಇಟ್ಟು, ಕಿರುಬೆರಳಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳಿದಳು.

ಬಾವಿಕಟ್ಟೆಯ ಮೇಲೆ ಕೂತಿದ್ದ ಕೊಡೆಯವನ ಬೆನ್ನಿಗೆ ಹಿಂದಿನಿಂದ ಡಿಕ್ಕಿಯಾಯಿತು.

ಅವನು ತಿರುಗಿ ನೋಡಲಿಲ್ಲ.

"ಬರ್ತೀನಿ ಅನ್ನೇ," ಎಂದ.

ಹಾಗೆಂದ ಮೇಲೆ ಅವನಿಗೆ ಅಳು ಬಂತು. ಅದು ಹಾಲು ಉಕ್ಕುವಷ್ಟರಲ್ಲಿ ಮುಗಿಯುವ ಅಳುವಾಗಿರಲಿಲ್ಲ. ನಡುವೆ ಒಮ್ಮೆ, ಬಾಗಿಲಿನಲ್ಲಿ ಅಂಟಿಕೊಂಡ ಬೀದಿಯ ಜನರ ನೆನಪಾಗಿ, ಅವನು ನಕ್ಕ. ನಕ್ಕು ಮತ್ತೆ ಅತ್ತ. ಬೀದಿಯಲ್ಲಿ ಕ್ಷೌರದವನು ಒಂದು ಪೂರ್ತಿ ಗಡ್ಡವನ್ನು ಗಾಯವಿಲ್ಲದೆ ಮುಗಿಸಿದ. ಆ ದಿನ ಹಾಲಿನವಳ ಪಾತ್ರೆಯಲ್ಲಿ ಹಾಲು ಉಕ್ಕಲಿಲ್ಲ.

ಬಿಸಿಲು ಬಾವಿಯ ಆಚೆ ದಂಡೆಗೆ ಜಾರಿದಾಗ ಅವನು ಹೆಗಲ ಕಟ್ಟನ್ನು ಬಿಚ್ಚಿದ. ಒಂದು ಕೊಡೆಯ ಬಟ್ಟೆಯನ್ನು ಕಿತ್ತು, ಸರಿಯಾದ ಮಗ್ಗುಲಿಗೆ ಹೊಲಿದು, ಬಿಚ್ಚಿ ನೋಡಿದ. ಅದು ನೆಲದ ಕಡೆಗೇ ಬಾಗಿತು. ಚಾವಡಿಯ ಕಿಟಕಿಗೆ ಕಾಣುವಂತೆ ಅದನ್ನು ಎತ್ತಿ ಹಿಡಿದ. ಸೊಸೆ ಕೆಂಪು ಇಂಜಿನನ್ನು ಎತ್ತಿ ಹತ್ತಿಯಲ್ಲಿ ಸುತ್ತಿಟ್ಟಳು. ಆಮೇಲೆ ಹಸಿರು ಚೂರಿನ ಮೇಲೆ ಕಡ್ಡಿಯನ್ನು ಅಡ್ಡ ಇಟ್ಟಳು. ಬಾವಿಯ ಕಡೆಗೊಮ್ಮೆ ತಲೆಯಾಡಿಸಿ, ಕೊಡೆಯವನು ಬೀದಿಗೆ ಸೇರಿಕೊಂಡ.

ಮರುದಿನ ಬೆಳಿಗ್ಗೆ ಗುಂಡಿಯವರು ಎಂದಿನಂತೆ, ಸ್ವಲ್ಪ ಎಡಕ್ಕೆ, ಎಂದರು. ಕಡ್ಡಿ ಆಡಲಿಲ್ಲ.

"ಮಾವ," ಎಂದಳು ಸೊಸೆ ಅವರ ಬೆನ್ನ ಹಿಂದಿನಿಂದ. "ಆವತ್ತು ನಾನು ಅಳಲಿಲ್ಲ. ಸೆರಗು ಮುಚ್ಕೊಂಡು, ಹಾಲು ಉಕ್ಕತ್ತೇನೋ ಅಂತ ಕಿವಿಗೊಟ್ಟು ಕೇಳ್ತಾ ಇದ್ದೆ."

ಗುಂಡಿಯವರು ಹೆಜ್ಜೆ ಬಡಿಯುತ್ತಲೇ ಇದ್ದರು. ಮೇಜಿನ ಮೇಲೆ ಇಂಜಿನುಗಳು ಅವರ ಮುಂದೆ ಒಂದು ಸುತ್ತು ಹಾಯ್ದುಹೋದವು. ಅವರ ಮಗನ ಇಂಜಿನು ನೀಲಿ ಬಣ್ಣದ್ದು, ಅದು ಮೇಜಿನ ಕೆಳಗಿತ್ತು. ಮಗ ಸತ್ತ ದಿನ ಅವರೂ ಗುಂಡಿಯಿಂದಾಗಲಿ ಹಗ್ಗದಿಂದಾಗಲಿ ಕೈ ಎತ್ತಿರಲಿಲ್ಲ.

"ಒಂದು ಕೊಡೆ ತಗೊಂಡು ಹೋಗು," ಎಂದರು ಕೊನೆಗೆ. "ನಿಧಾನವಾಗಿ ಬಾ."

ಅವಳು ಕಡ್ಡಿಯನ್ನು ಅವರ ಮುಂದೆ ಮೇಜಿನ ಮೇಲಿಟ್ಟು, ಬರ್ತೀನಿ ಎಂದು ಹೇಳಿ ಹೊರಟಳು. ಅವಳ ಇಂಜಿನು ಜಗಲಿಯಲ್ಲಿ ನಿಂತದ್ದನ್ನು ಅವರು ನೋಡಿದರು. ಬಿಸಿಲೇರಿತು. ಬೀದಿಯಲ್ಲಿ ಹಾಲಿನ ಗಾಡಿಯ ಚಕ್ರ ಕಿರುಗುಟ್ಟುತ್ತಿತ್ತು, ವಾರಗಿತ್ತಿಯರು ಹೊಸದೊಂದು ಜಗಳ ಹಿಡಿದಿದ್ದರು, ಊರು ಓಡುತ್ತಿತ್ತು.

ಗುಂಡಿಯವರು ಬಲಗೈಯನ್ನು ಗುಂಡಿಯಿಂದ ತೆಗೆದು, ಕಡ್ಡಿ ಹಿಡಿದು, ತಮ್ಮ ಬೆನ್ನನ್ನು ತಾವೇ ಕೆರೆದುಕೊಂಡರು.